ಮೂರು ಕಿಲೋ ಪುಡಿ ಒಯ್ದೆ, ಬೇಕಾಗಿದ್ದು ಹುಳಿ

ಮೂಡಿಗೆರೆಯಿಂದ ಹೊರಡುವ ಹಿಂದಿನ ರಾತ್ರಿ ಅಮ್ಮ ನನ್ನ ಪೆಟ್ಟಿಗೆಗೆ ಮೂರು ಕಿಲೋ ಪುಡಿ ತುಂಬಿದಳು. ಸಾರಿನ ಪುಡಿ ಒಂದು ಕಿಲೋ, ಸಾಂಬಾರ್ ಪುಡಿ ಒಂದು ಕಿಲೋ, ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ಒಂದು ಕಿಲೋ. ಜರ್ಮನಿಯಲ್ಲಿ ಸಪ್ಪೆ ಊಟವಂತೆ, ನಾಲಿಗೆ ಕೆಟ್ಟುಹೋಗುತ್ತದೆ ಎಂಬುದು ಅವಳ ಚಿಂತೆ. ಊರಿನಲ್ಲಿ ಎಲ್ಲರೂ ಅದನ್ನೇ ಹೇಳಿದ್ದರು. ತುಪ್ಪದ ಡಬ್ಬಿಯನ್ನು ಮಾತ್ರ ನಾನೇ ಹೊರಗೆ ತೆಗೆದಿಟ್ಟೆ. ಹೊರದೇಶಗಳಿಂದ ಯುರೋಪಿಯನ್ ಒಕ್ಕೂಟಕ್ಕೆ ಹೋಗುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ತುಪ್ಪದಿಂದ ಯಾರಿಗೆ ಏನು ತೊಂದರೆ ಎಂದು ಅಮ್ಮ ಬಸ್ ಹತ್ತುವ ತನಕ ಕೇಳುತ್ತಲೇ ಇದ್ದಳು.

ಎರಡು ವರ್ಷಗಳ ನಂತರ ಮೊದಲ ರಜೆಗೆ ಬಂದಾಗ ಆ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೆಸ್ಡೆನ್ ನಗರದ ನನ್ನ ಅಡುಗೆಮನೆಯಲ್ಲಿ ಹಾಗೆಯೇ ಉಳಿದಿತ್ತು. ಅಷ್ಟರಲ್ಲಿ ನನ್ನ ನಾಲಿಗೆ ಹುಡುಕುತ್ತಿದ್ದುದು ಏನನ್ನು ಎಂದು ನನಗೆ ಗೊತ್ತಾಗಿತ್ತು. ಹೊರದೇಶಕ್ಕೆ ಹೊರಟಿರುವ ನಮ್ಮ ಕಡೆಯ ಹುಡುಗಿಯರು ಕೇಳಿದಾಗಲೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿನ ಊಟವನ್ನು ನನಗೆ ಕಲಿಸಿದ್ದು ರೋಗಿಗಳ ತಟ್ಟೆಗಳು. ಸಂಜೆ ಐದೂವರೆಗೆಲ್ಲ ರಾತ್ರಿಯ ಊಟ ಬರುತ್ತಿತ್ತು: ಎರಡು ಹೋಳು ಕಪ್ಪು ಬ್ರೆಡ್, ಚಿಕ್ಕದೊಂದು ಬೆಣ್ಣೆ, ಚೀಸ್, ಹಂದಿಮಾಂಸದ ತೆಳು ಪದರ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಒಂದು ಲೋಟ ಪುದೀನ ಚಹಾ. ಚಹಾ ಬಿಟ್ಟರೆ ಯಾವುದೂ ಬಿಸಿಯಿಲ್ಲ. ಕಾಯಿಲೆ ಬಿದ್ದವರಿಗೆ ತಣ್ಣನೆಯ ಊಟ ಕೊಡುವುದೇ ಎಂದು ಮೊದಲ ವಾರ ನನಗೆ ನಿಜವಾಗಿಯೂ ಸಂಕಟವಾಯಿತು. ಆಮೇಲೆ ತಿಳಿಯಿತು, ಆಸ್ಪತ್ರೆಯಲ್ಲಿ ಮಾತ್ರವಲ್ಲ, ಮನೆಗಳಲ್ಲಿಯೂ ಹೀಗೆಯೇ. ರಾತ್ರಿಯ ಊಟಕ್ಕೆ ಅವರ ಹೆಸರೇ 'ಸಂಜೆಯ ಬ್ರೆಡ್', ಅಬೆಂಡ್‌ಬ್ರೋಟ್. ಬಿಸಿ ಅಡುಗೆ ಮಧ್ಯಾಹ್ನಕ್ಕೆ.

ನಾನೂ ಹಾಗೆಯೇ ತಿಂದು ನೋಡಿದೆ. ಹೊಟ್ಟೆ ತುಂಬಿದರೂ ಊಟ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಮಳೆಗಾಲದ ಮೂಡಿಗೆರೆಯಲ್ಲಿ ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಆವಿ ನೆನಪಾಗುತ್ತಿತ್ತು. ಸಪ್ಪೆಯೇ ಕಾರಣವೆಂದುಕೊಂಡು ಚೀಸ್ ಮೇಲೆ, ಬೇಯಿಸಿದ ಆಲೂಗಡ್ಡೆಯ ಮೇಲೆ, ಎಲ್ಲದರ ಮೇಲೂ ಖಾರದ ಪುಡಿ ಉದುರಿಸಿದೆ. ಮೂರು ವಾರಕ್ಕೆ ಎದೆ ಉರಿ ಬಂತು, ಕೊರತೆ ಹಾಗೆಯೇ ಉಳಿಯಿತು.

ಮೊದಲು ಹೊತ್ತನ್ನು ಬದಲಿಸಿದೆ. ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಿಕ್ಕಿದ್ದನ್ನು ಹೊಟ್ಟೆ ತುಂಬ ತಿನ್ನುವುದು, ರಾತ್ರಿ ಅನ್ನ ಪಲ್ಯವೆಂದು ಒದ್ದಾಡದೆ ಒಂದು ಬಟ್ಟಲು ಬಿಸಿ ಸಾರು ಕಾಯಿಸಿ ಅದಕ್ಕೆ ಅವರ ಬ್ರೆಡ್ಡನ್ನೇ ಅದ್ದಿಕೊಳ್ಳುವುದು. ಆ ಕಪ್ಪು ಬ್ರೆಡ್ ರೈ ಎಂಬ ಧಾನ್ಯದ್ದು. ಹಿಟ್ಟನ್ನು ಹುಳಿ ಬರಿಸಿ ಸುಡುತ್ತಾರೆ. ಕೈಯಲ್ಲಿ ಹಿಡಿದರೆ ಭಾರ, ಬಣ್ಣ ರಾಗಿ ರೊಟ್ಟಿಯದು, ಅಗಿದಷ್ಟೂ ಹುಳಿ. ಹುರುಳಿ ಸಾರಿನಲ್ಲಿ ಅದನ್ನು ಅದ್ದಿ ತಿಂದ ರಾತ್ರಿ ಮೊದಲ ಬಾರಿಗೆ ನನಗೆ ಊಟ ಮಾಡಿದಂತೆ ಅನ್ನಿಸಿತು.

ಹುಳಿಯ ಗುಟ್ಟು ಹೇಳಿಕೊಟ್ಟವರು ನಮ್ಮ ವಾರ್ಡಿನ ಒಬ್ಬ ಅಜ್ಜಿ. ತಟ್ಟೆ ಬಂದ ಕೂಡಲೇ ಬ್ರೆಡ್ ಪಕ್ಕಕ್ಕೆ ಸರಿಸಿ ಮೊದಲು ಆ ಹುಳಿ ಸೌತೆಕಾಯಿ ತಿನ್ನುತ್ತಿದ್ದರು. ಡ್ರೆಸ್ಡೆನ್ನಿನ ಉತ್ತರಕ್ಕಿರುವ ಶ್ಪ್ರೇವಾಲ್ಡ್ ಎಂಬ ಸೀಮೆಯ ಸೌತೆಕಾಯಿ ಅಲ್ಲಿ ಬಹಳ ಹೆಸರುವಾಸಿ. ನಾನು ನೋಡುತ್ತಿರುವುದನ್ನು ಕಂಡು 'ಝೌವರ್ ಮಾಖ್ಟ್ ಲುಸ್ಟಿಶ್' ಎಂದರು. ಹುಳಿ ತಿಂದರೆ ಮನಸ್ಸು ಗೆಲುವಾಗುತ್ತದೆ ಎಂಬ ಅವರ ಗಾದೆ. ಆ ರಾತ್ರಿ ಯೋಚಿಸಿದೆ: ನಮ್ಮ ಮಲೆನಾಡಿನ ಅಡುಗೆಮನೆಯಲ್ಲಿ ಏನೇನಿದೆ? ಅಪ್ಪೆಮಿಡಿ, ಅಮಟೆಕಾಯಿ, ಹೇರಳೆಕಾಯಿ, ಒಣಗಿಸಿದ ವಾಟೆಹುಳಿ, ಒಂದೆಲಗದ ತಂಬುಳಿ, ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಸಿದ ಕಳಲೆಯ ಆ ಸಣ್ಣ ಹುಳಿ. ನಾವು ಖಾರದವರು ಎಂದುಕೊಂಡಿದ್ದೇವೆ, ಬೆಳೆದದ್ದು ಹುಳಿಯಲ್ಲಿ. ನಾನು ಬಂದು ಸೇರಿದ್ದು ಕೂಡ ಹುಳಿಯ ದೇಶಕ್ಕೇ.

ಅಲ್ಲಿಂದ ಅಂಗಡಿಗೆ ಹೋಗುವ ಕಣ್ಣೇ ಬದಲಾಯಿತು. ಮೊದಲು ಸರಿಹೋದದ್ದು ಮೊಸರು. ಅದುವರೆಗೆ ಕೊಳ್ಳುತ್ತಿದ್ದ ಡಬ್ಬಿಯ ಮೇಲೆ 'ಯೋಗುರ್ಟ್ ಮಿಲ್ಡ್' ಎಂದಿತ್ತು. ಮಿಲ್ಡ್ ಎಂದರೆ ಹುಳಿ ಕಡಿಮೆಯಾಗಲೆಂದೇ ಬೇರೆ ಜಾತಿಯ ಹೆಪ್ಪು ಹಾಕಿದ್ದು. ಅದರಿಂದ ಹೆಪ್ಪು ಹಾಕಿದರೆ ಎರಡು ದಿನ ಇಟ್ಟರೂ ನಮ್ಮ ಮೊಸರಿನ ರುಚಿ ಬರುವುದಿಲ್ಲ. ಬರೀ 'ಯೋಗುರ್ಟ್' ಎಂದಿರುವುದನ್ನು ತಂದು, ಕೊಬ್ಬು 3.5 ಶೇಕಡಾ ಇರುವ ಹಾಲು ಕಾಯಿಸಿ, ಬೆರಳು ಇಟ್ಟರೆ ತಡೆಯುವಷ್ಟು ಬಿಸಿಯಲ್ಲಿ ಹೆಪ್ಪು ಹಾಕಿದೆ. ಚಳಿಗಾಲದಲ್ಲಿ ಪಾತ್ರೆಯನ್ನು ಹೊದಿಕೆಯಲ್ಲಿ ಸುತ್ತಿ, ಒಳಗಿನ ದೀಪ ಮಾತ್ರ ಹಚ್ಚಿದ ಓವನ್ನಿನಲ್ಲಿ ಇಡುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಮಜ್ಜಿಗೆಗೆ ಅಷ್ಟು ಶ್ರಮವೂ ಬೇಡ, 'ಬುಟರ್‌ಮಿಲ್ಶ್' ಎಂದು ಎಲ್ಲ ಅಂಗಡಿಯಲ್ಲಿಯೂ ಸಿಗುತ್ತದೆ. ಸ್ವಲ್ಪ ನೀರು, ಉಪ್ಪು, ಶುಂಠಿ, ಇಂಗು ಬೆರೆಸಿದರೆ ಸಾಕು.

ತುಪ್ಪವನ್ನೂ ಹಾಗೆಯೇ ಸಂಪಾದಿಸಿದೆ. ಅಲ್ಲಿ ಬೆಣ್ಣೆಯಲ್ಲಿ ಎರಡು ಮುಖ್ಯ ಬಗೆ: ಸಿಹಿಕೆನೆಯದು, ಹುಳಿಕೆನೆಯದು. ಸಿಹಿಕೆನೆಯ ಬೆಣ್ಣೆ ಕಾಯಿಸಿದರೆ ತುಪ್ಪವೇನೋ ಬರುತ್ತದೆ, ಪರಿಮಳ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಮೊಸರು ಕಡೆದು ಬೆಣ್ಣೆ ತೆಗೆಯುವುದರಿಂದ ಅದಕ್ಕೆ ಹತ್ತಿರದ್ದು ಹುಳಿಕೆನೆಯ ಬೆಣ್ಣೆ, ಡಬ್ಬದ ಮೇಲೆ 'ಝೌವರ್‌ರಾಮ್‌ಬುಟರ್' ಎಂದಿರುತ್ತದೆ. 250 ಗ್ರಾಮಿನ ಒಂದು ಪೊಟ್ಟಣಕ್ಕೆ ಸುಮಾರು 200 ಗ್ರಾಂ ತುಪ್ಪ. ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಂತು ತಳದ ಗಸಿ ಕಂದು ಬಣ್ಣಕ್ಕೆ ತಿರುಗಿದಾಗ ಎದ್ದ ವಾಸನೆಗೆ ನನ್ನ ಕಣ್ಣು ತುಂಬಿ ಬಂತು. ಅಮ್ಮನಿಗೆ ಆಗಲೇ ಫೋನ್ ಮಾಡಿದೆ, ಊರಿನಲ್ಲಿ ನಡುರಾತ್ರಿ ಎನ್ನುವುದು ಮರೆತೇಹೋಗಿತ್ತು.

ಏಪ್ರಿಲಿನಲ್ಲಿ ಸಂತೆಗೆ ರಬಾರ್ಬರ್ ಬಂತು. ಕೆಸುವಿನ ದಂಟಿನ ಹಾಗೆ ಕಾಣುವ, ಕೆಂಪು ಹಸಿರು ಬೆರೆತ ದಪ್ಪ ದಂಟು. ಎಲೆ ವಿಷ, ತಿನ್ನಬಾರದು. ದಂಟನ್ನು ಸಕ್ಕರೆ ಹಾಕಿ ಕೇಕಿಗೆ, ಜಾಮಿಗೆ ಬಳಸುತ್ತಾರೆ. ಒಂದು ತುಂಡು ಹಸಿಯಾಗಿಯೇ ಕಚ್ಚಿದೆ, ಹಲ್ಲು ಜುಮ್ಮೆಂದಿತು. ಅಮ್ಮನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ:

"ಬೆಂದರೆ ಮಾವಿನಕಾಯಿಯಂತೆ ಕರಗುತ್ತದೆಯೋ, ಅಮಟೆಕಾಯಿಯಂತೆ ನಿಲ್ಲುತ್ತದೆಯೋ?"

"ಕರಗುತ್ತದೆ ಅಮ್ಮ, ಐದು ನಿಮಿಷಕ್ಕೇ."

"ಹಾಗಾದರೆ ಬೆಲ್ಲ ಮೊದಲು ಹಾಕು ಪುಟ್ಟಿ, ಕಾಯಿ ರುಬ್ಬಿದ್ದು ಕೊನೆಗೆ. ಸೌಟಿನಲ್ಲಿ ತಿರುವಬೇಡ."

ನಾರು ಎಳೆದು, ಬೆರಳಿನ ಅಗಲಕ್ಕೆ ಹೆಚ್ಚಿ, ಉಪ್ಪು, ಅರಿಸಿನ, ಬೆಲ್ಲದ ಜೊತೆ ಬೇಯಿಸಿದೆ. ಬ್ಯಾಡಗಿ ಮೆಣಸಿನಕಾಯಿ, ಸಾಸಿವೆ, ಕಾಯಿ ರುಬ್ಬಿ ಸೇರಿಸಿ ಒಂದು ಕುದಿ ಬರಿಸಿದೆ. ಒಗ್ಗರಣೆಗೆ ಒಣಗಿದ ಕರಿಬೇವು. ಆ ಗೊಜ್ಜು ನಮ್ಮೂರಿನ ಯಾವ ಗೊಜ್ಜಿಗೂ ಕಡಿಮೆಯಿರಲಿಲ್ಲ. ಜೂನ್ 24ಕ್ಕೆ, ಸಂತ ಯೋಹಾನರ ದಿನಕ್ಕೆ, ದಂಟು ಕೀಳುವುದನ್ನು ನಿಲ್ಲಿಸುವುದು ಅಲ್ಲಿನ ವಾಡಿಕೆ. ಮುಂದಿನ ವರ್ಷದಿಂದ ಆ ದಿನ ನನಗೂ ಒಂದು ಲೆಕ್ಕದ ದಿನವಾಯಿತು. ಅದರೊಳಗೆ ನಾಲ್ಕೈದು ಕಿಲೋ ಹೆಚ್ಚಿ ಫ್ರೀಜರಿಗೆ ಸೇರಿಸುತ್ತಿದ್ದೆ.

ಅಕ್ಕಿ ರೊಟ್ಟಿಗೆ ಬೇರೆ ಪಾಠ. ಏಷ್ಯಾದವರ ಅಂಗಡಿಯಲ್ಲಿ ಮೂರು ತಲೆಯ ಆನೆಯ ಚಿತ್ರವಿರುವ ಥಾಯ್ ಹಿಟ್ಟು ಸಿಗುತ್ತದೆ. ಹಸಿರು ಅಕ್ಷರದ ಪೊಟ್ಟಣ ಅಂಟಕ್ಕಿಯದು, ರೊಟ್ಟಿ ಕಾವಲಿಯಿಂದ ಏಳುವುದೇ ಇಲ್ಲ. ಕೆಂಪು ಅಕ್ಷರದ್ದು ತೆಗೆದುಕೊಳ್ಳಿ, ಒಂದು ಹಿಡಿ ಅನ್ನ ಹಿಸುಕಿ ಸೇರಿಸಿ.

ನೀರಿನ ವಿಷಯ ಚಿಕ್ಕದು. ಬಾಟಲಿಯ ಮೇಲೆ 'ಸ್ಟಿಲ್' ಎಂದಿಲ್ಲದಿದ್ದರೆ ಅದರಲ್ಲಿ ಗ್ಯಾಸ್ ಇರುವ ಸಾಧ್ಯತೆಯೇ ಹೆಚ್ಚು. ನಲ್ಲಿಯ ನೀರು ಕುಡಿಯಲು ಯೋಗ್ಯ, ನಾನು ಅದಕ್ಕೇ ಜೀರಿಗೆ ಹಾಕಿ ಕುದಿಸುತ್ತಿದ್ದೆ.

ಕಾಫಿಯ ವಿಷಯ ಅಷ್ಟು ಚಿಕ್ಕದಲ್ಲ. ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು, ನಾನು ಹುಟ್ಟಿ ಬೆಳೆದದ್ದು ಕಾಫಿ ಗಿಡಗಳ ನಡುವೆ. ಡ್ರೆಸ್ಡೆನ್ ಕಾಫಿಗೂ ದೊಡ್ಡ ಊರು. 1908ರಲ್ಲಿ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಹಿತ್ತಾಳೆ ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಒತ್ತುಕಾಗದ ಹಾಸಿ ಕಾಫಿ ಸೋಸಿದ್ದು ಅಲ್ಲಿಯೇ. ಕಾಗದದ ಫಿಲ್ಟರ್ ಹುಟ್ಟಿದ್ದು ಹಾಗೆ. ಆದರೆ ಆ ಕಾಫಿ ತೆಳುವು, ಹಾಲಿಲ್ಲ, ಚಿಕೋರಿಯಿಲ್ಲ. ಮೊದಲ ತಿಂಗಳು ಕುಡಿಯಲಾಗದೆ ಚೆಲ್ಲಿದೆ. ಒಂದು ದಿನ ನಸುಕಿನ ಪಾಳಿಯಲ್ಲಿ ಬೇರೇನೂ ಇಲ್ಲದೆ ಮೆಲ್ಲಗೆ ಗುಟುಕರಿಸಿದಾಗ ನಾಲಿಗೆಯ ಅಂಚಿಗೆ ಹಣ್ಣಿನಂಥ ಹುಳಿ ತಾಕಿತು. ಅರೇಬಿಕಾದ ನಿಜವಾದ ಗುಣ ಅದು. ನಮ್ಮ ತೋಟದ ಕಾಫಿಯಲ್ಲಿಯೂ ಅದು ಇದ್ದೇ ಇತ್ತು. ಹಾಲು, ಬೆಲ್ಲ, ಚಿಕೋರಿಯ ಅಡಿಯಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ. ಆಮೇಲೆ ಬೆಳಗ್ಗೆ ನನ್ನ ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್, ಮಧ್ಯಾಹ್ನ ಅವರ ಕಾಗದದ ಫಿಲ್ಟರಿನ ಕಾಫಿ.

ಒಂದನ್ನು ನಾನು ಕೊನೆಗೂ ಒಪ್ಪಲಿಲ್ಲ. ಯಾರದಾದರೂ ಹುಟ್ಟುಹಬ್ಬವಾದರೆ ವಾರ್ಡಿಗೆ ಮೆಟ್ ತರುತ್ತಿದ್ದರು, ಅಂದರೆ ಹಸಿ ಹಂದಿಮಾಂಸ ಅರೆದು ಈರುಳ್ಳಿ ಹಾಕಿ ಬನ್ನಿನ ಮೇಲೆ ಸವರಿದ್ದು. ನಾನು ಹಂದಿ ಸಾರು, ಕಡುಬು ತಿಂದು ಬೆಳೆದವಳು, ಹಂದಿ ನನಗೆ ಹೊಸದಲ್ಲ, ಹಸಿ ಮಾಂಸ ಮಾತ್ರ ಆಗದು. ಮೊದಮೊದಲು ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳುತ್ತಿದ್ದೆ. ನಂತರ "ನಾನು ಬೇಯಿಸಿದ್ದನ್ನು ಮಾತ್ರ ತಿನ್ನುತ್ತೇನೆ" ಎಂದು ನೇರವಾಗಿ ಹೇಳಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಮುಂದಿನ ಸಲ ನನಗೆಂದೇ ಮೊಟ್ಟೆ ಬೇಯಿಸಿ ತಂದರು. ಎಲ್ಲವನ್ನೂ ತಿನ್ನಲೇಬೇಕೆಂದು ಹೊಸಬರು ತಮ್ಮನ್ನು ಹಿಂಸಿಸಿಕೊಳ್ಳುವುದನ್ನು ನೋಡಿದರೆ ನನಗೆ ನೋವಾಗುತ್ತದೆ. ತಟ್ಟೆಯಲ್ಲಿ ನಿಮಗೆ ಒಗ್ಗುವುದು ಇನ್ನೊಂದು ಇದ್ದೇ ಇರುತ್ತದೆ.

ಹಿಂದಿನ ರಜೆಗೆ ಬರುವಾಗ ಒಂದು ರೈ ಬ್ರೆಡ್ ತಂದಿದ್ದೆ. ಅಮ್ಮ ಅದನ್ನು ತೆಳ್ಳಗೆ ಕೊಯ್ದು ಕಾವಲಿಯ ಮೇಲೆ ಎರಡೂ ಕಡೆ ಕಾಯಿಸಿ, ಬೆಣ್ಣೆ ಸವರಿ, ಮಿಡಿ ಉಪ್ಪಿನಕಾಯಿಯ ರಸ ಎರಡು ಹನಿ ಬಿಟ್ಟಳು. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. "ಇವರೂ ಹಿಟ್ಟನ್ನು ಹುಳಿ ಬರಿಸಿಯೇ ಸುಡುತ್ತಾರಲ್ಲ" ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು.

ಹೊರಡುವ ರಾತ್ರಿ ಅಮ್ಮ ಮತ್ತೆ ಪೆಟ್ಟಿಗೆ ತುಂಬಿದಳು. ಪುಡಿಗಳೆಲ್ಲ ಸೇರಿ ಮುಕ್ಕಾಲು ಕಿಲೋ. ಮಿಕ್ಕ ಜಾಗದಲ್ಲಿ ಹಳೆಯ ಸೀರೆಯ ಬಟ್ಟೆಯಲ್ಲಿ ಕಟ್ಟಿದ, ನಮ್ಮ ಹಿತ್ತಲಿನಲ್ಲಿಯೇ ಒಣಗಿಸಿದ ವಾಟೆಹುಳಿ.