ಮೊದಲ ಮೀಟಿಂಗು ಕುಡಿಯುವ ಹೊತ್ತಿಗೇ ಇರಲಿ

ಕುಡಿತ ಬಿಡಬೇಕೆಂದು ಫೋನ್ ಮಾಡುವವರು ಮೊದಲು ಕೇಳುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಮೀಟಿಂಗಿನ ವಿಳಾಸ; ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಕೂರುವ ಸಭೆ ಅದು. ನಾನು ತಿರುಗಿ ಕೇಳುವುದು ಬೇರೆ: ದಿನಕ್ಕೆ ಎಷ್ಟು ಕುಡಿಯುತ್ತೀರಿ, ಕೊನೆಯದು ಯಾವಾಗ, ಬೆಳಿಗ್ಗೆ ಕೈ ನಡುಗುತ್ತದೆಯೇ? ಒಂದು ಕ್ವಾರ್ಟರ್ ಅಂದರೆ 180 ಮಿಲಿ, ಶೇ 42.8ರ ವಿಸ್ಕಿಯಾದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲ್. ದಿನಾ ಎರಡು ಕ್ವಾರ್ಟರ್ ಏರಿಸುವವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ತಾಸಿನಲ್ಲೇ ನಡುಕ, ಬೆವರು, ವಾಂತಿ ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ತಾಸಿನೊಳಗೆ. ಎರಡು, ಮೂರನೇ ದಿನ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾವ ಊರು, ಯಾವ ವಾರ ಅಂತ ತಿಳಿಯುವುದಿಲ್ಲ. ಮನೆಯವರು ಗಾಳಿ ಸೋಂಕಿದೆ ಅಂತ ತಾಯತ ಕಟ್ಟಿಸಲು ಓಡುತ್ತಾರೆ. ಕರೆಯಬೇಕಾದದ್ದು 108ನ್ನು. ಹಿಂದೊಮ್ಮೆ ಫಿಟ್ಸ್ ಬಂದಿದ್ದವರಂತೂ ಮೊದಲು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೇ ಹೋಗಬೇಕು, ಮೀಟಿಂಗ್ ಆಮೇಲೆ. ಹತ್ತಿರದ ಕ್ಲಿನಿಕ್ಕಿನಲ್ಲಿ ‘ಒಂದು ಗ್ಲೂಕೋಸ್ ಹಾಕ್ರಿ’ ಅಂತ ದುಂಬಾಲು ಬೀಳುವ ರೂಢಿಯೂ ಇದೆ. ವರ್ಷಗಟ್ಟಲೆ ಕುಡಿದ ಮೈಯಲ್ಲಿ ಬಿ1 ವಿಟಮಿನ್ ಬತ್ತಿರುತ್ತದೆ; ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಆದ್ದರಿಂದ ಕುಡಿತದ ವಿಷಯವನ್ನು ಡಾಕ್ಟರಿಗೆ ಮುಚ್ಚಿಡಬೇಡಿ.

ಇನ್ನು ಮೀಟಿಂಗ್ ಹುಡುಕುವುದು. ಎಎ ಅಮೆರಿಕದ ಅಕ್ರನ್ ಊರಿನಲ್ಲಿ 1935ರಲ್ಲಿ ಶುರುವಾದದ್ದು. ಅದರ ಭಾರತದ ವೆಬ್‌ಸೈಟಿನಲ್ಲಿ ಮೀಟಿಂಗ್ ಹುಡುಕಬಹುದು. ಆಸ್ಪತ್ರೆಯ ಕೌನ್ಸಿಲರ್ ಹತ್ತಿರ ಸದಸ್ಯರ ನಂಬರ್ ಇರುವುದುಂಟು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಉಚಿತ. ಹಳ್ಳಿಯವರಿಗೆ ಇನ್ನೊಂದು ದಾರಿಯಿದೆ: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರ, ಅದು ಮುಗಿದ ಮೇಲೆ ಸೇರುವ ನವಜೀವನ ಸಮಿತಿ. ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ಗೊತ್ತಾಗುತ್ತದೆ.

ಪಟ್ಟಿ ನಂಬಿ ನೇರ ಹೋಗಬೇಡಿ. ಗುಂಪು ಜಾಗ ಬದಲಿಸಿರಬಹುದು, ಶಾಲೆಯ ಕೋಣೆಯಾದರೆ ರಜೆಗೆ ಬೀಗ ಬಿದ್ದಿರಬಹುದು. ಬೀಗ ನೋಡಿದ ಹೊಸಬ ಆಮೇಲೆ ಎಲ್ಲಿಗೆ ಹೋಗುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ದಿನ ಮಧ್ಯಾಹ್ನ ಫೋನ್ ಮಾಡಿ, ಇವತ್ತು ಮೀಟಿಂಗ್ ಇದೆಯೇ, ಓಪನ್ನೋ ಕ್ಲೋಸ್ಡೋ ಅಂತ ಕೇಳಿ. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಓಪನ್‌ಗೆ ಹೆಂಡತಿ, ಅಣ್ಣ ಯಾರು ಬೇಕಾದರೂ ಬರಬಹುದು. ಬೆಳಗಾವಿಯಲ್ಲಾದರೆ ಭಾಷೆಯನ್ನೂ ಕೇಳಬೇಕು: ಕನ್ನಡವೋ, ಮರಾಠಿಯೋ, ಇಂಗ್ಲಿಷೋ. ತಿಳಿಯದ ಭಾಷೆಯಲ್ಲಿ ಒಂದೂವರೆ ತಾಸು ಕೂತವರು ಎರಡನೇ ಸಲ ಬರುವುದು ಕಷ್ಟ. ಗೇಟಿನ ಹತ್ತಿರ ಒಬ್ಬರು ನಿಂತಿರಲಿ ಅಂತಲೂ ಕೇಳಿಕೊಳ್ಳಿ. ಯಾರಾದರೂ ನಿಂತೇ ನಿಲ್ಲುತ್ತಾರೆ. ಕೋಣೆ ಚರ್ಚಿನ ಕಾಂಪೌಂಡಿನಲ್ಲಿದ್ದರೆ ಮನೆಯಲ್ಲಿ ಗುಸುಗುಸು ಶುರುವಾಗುತ್ತದೆ. ಅದು ಬಾಡಿಗೆಯ ಕೋಣೆ ಅಷ್ಟೇ, ಎಎ ಯಾವ ಮತಕ್ಕೂ ಸೇರಿದ್ದಲ್ಲ ಅಂತ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಎರಡು ಮೂರು ಮೀಟಿಂಗ್‌ಗಳಲ್ಲಿ ಆರಿಸುವ ಅವಕಾಶ ಇದ್ದರೆ ನಿಮ್ಮ ಮೊದಲ ಪೆಗ್ಗಿನ ಹೊತ್ತಿಗೆ ನಡೆಯುವುದನ್ನೇ ಹಿಡಿಯಿರಿ. ಸಂಜೆ ಏಳಕ್ಕೆ ಬಾರಿನಲ್ಲಿ ಕೂರುತ್ತಿದ್ದವರಿಗೆ ಭಾನುವಾರ ಬೆಳಗಿನ ಮೀಟಿಂಗ್ ಕೇಳಲು ಚಂದ, ಆದರೆ ಏಳು ಗಂಟೆ ಹಾಗೆಯೇ ಉಳಿಯುತ್ತದೆ. ಹಳ್ಳಿಗೆ ಕೊನೆಯ ಬಸ್ಸು ಎಂಟೂವರೆಗಿದ್ದರೆ ಮೊದಲೇ ಹೇಳಿ ನಡುವೆ ಎದ್ದು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಹೋಗುವ ಮುಂಚೆ ಒಂದು ರೊಟ್ಟಿಯಾದರೂ ತಿಂದಿರಿ. ಹಸಿದ ಹೊಟ್ಟೆಗೆ ಕುಡಿಯುವ ಆಸೆ ಜಾಸ್ತಿ.

ಒಳಗೆ ವಿಶೇಷ ಏನೂ ಇರುವುದಿಲ್ಲ: ಕುರ್ಚಿ, ಚಾ, ಒಂದು ಸಣ್ಣ ಓದು, ಆಮೇಲೆ ಒಬ್ಬೊಬ್ಬರ ಶೇರಿಂಗ್, ಅಂದರೆ ತಮ್ಮ ಕುಡಿತದ ಕಥೆ ಹೇಳಿಕೊಳ್ಳುವುದು. ನಡುವೆ ಬಾಯಿ ಹಾಕುವುದು, ಬುದ್ಧಿ ಹೇಳುವುದು ಇಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳ್ತೀನ್ರಿ’ ಅಂದರೆ ಸಾಕು. ಮನೆತನದ ಹೆಸರು ಬೇಡ, ಊರು ಬೇಡ. ಫೀಸು ಇಲ್ಲ. ಕೊನೆಗೆ ತಿರುಗುವ ಡಬ್ಬಿಗೆ ಹೊಸಬರು ಏನೂ ಹಾಕಬೇಕಿಲ್ಲ.

ಮೊದಲ ದಿನ ಹೆಚ್ಚಿನವರು ಎಡವುವುದು ಹೋಲಿಕೆಯಲ್ಲಿ. ‘ಅವನು ಹೊಲ ಮಾರಿ ಕುಡಿದವ, ನಾನು ಆ ಮಟ್ಟಕ್ಕೆ ಹೋಗಿಲ್ಲ’ ಅಂತ ಸಮಾಧಾನ ಮಾಡಿಕೊಂಡು ಎದ್ದು ಹೋಗುತ್ತಾರೆ. ಒಂದು ಮೀಟಿಂಗ್ ಹಿಡಿಸದಿದ್ದರೆ ಕನಿಷ್ಠ ಆರು ನೋಡಿ, ಆಮೇಲೆ ತೀರ್ಮಾನಿಸಿ. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಅನ್ನುವ ಮಾತು ದೊಡ್ಡ ಊರಿನವರಿಗೆ ಸರಿ. ನಮ್ಮ ಕಡೆ ಅಷ್ಟು ಮೀಟಿಂಗ್ ಎಲ್ಲಿವೆ? ವಾರಕ್ಕೆ ಎರಡು ಇಲ್ಲಿ, ಉಳಿದ ದಿನ ಆನ್‌ಲೈನ್, ಅದೂ ಇಲ್ಲದ ದಿನ ಒಂದು ಫೋನ್. ಯಾರಾದರೂ ಸದಸ್ಯರು ‘ಗುಳಿಗಿ ಬಿಡ್ರಿ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಡಾಕ್ಟರರ ಕೆಲಸ. ಹಾಗೆಯೇ ಮನೆಯವರು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವುದೂ ಬೇಡ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಚಟವನ್ನೇ ಭಿಕ್ಷೆ ಬೇಡಿದ ಸೀಮೆ ಇದು. ಜೋಳಿಗೆಗೆ ಚಟ ಹಾಕಿ, ಆಮೇಲೆ ಎಡವಿ, ನಾಚಿಕೆಗೆ ಇನ್ನಷ್ಟು ಕುಡಿದವರೂ ಮೀಟಿಂಗಿಗೆ ಬರುತ್ತಾರೆ. ಅವರಿಗೆ ಎಎಯ 24 ತಾಸಿನ ಲೆಕ್ಕ ಹಗುರ: ಇವತ್ತೊಂದು ದಿನ ಬೇಡ, ನಾಳೆಯದು ನಾಳೆ.

ಹೊರಡುವಾಗ ಮೂರು ಜನರ ನಂಬರ್ ಬರೆದುಕೊಳ್ಳಿ, ಒಂದೇ ಸಾಲದು; ರಾತ್ರಿ ಒಬ್ಬರು ಎತ್ತದಿದ್ದರೆ ಇನ್ನೊಬ್ಬರು ಬೇಕು. ಕಬ್ಬಿನ ಬಿಲ್ ಜಮಾ ಆಗುವ ದಿನ, ನೇಕಾರರ ವಾರದ ಪಗಾರದ ಸಂಜೆ, ಜಾತ್ರೆ, ಮದುವೆಯ ಹಿಂದಿನ ರಾತ್ರಿ: ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಆಸೆ ಹುಟ್ಟುವ ಮೊದಲೇ, ಮಧ್ಯಾಹ್ನವೇ ಫೋನ್ ಮಾಡಿ.