ಡಿಸ್ಕ್ ಗಾಲ್ಫ್ ರಜೆಗೆ ನಾನು ಊರು ಹುಡುಕಿದ ಬಗೆ

ಡಿಸ್ಕ್ ಗಾಲ್ಫ್ ಅಂದರೆ ಗಾಲ್ಫ್‌ನಂತೆಯೇ, ಆದರೆ ಚೆಂಡಿನ ಬದಲು ತಟ್ಟೆಯಂಥ ಡಿಸ್ಕನ್ನು ಎಸೆದು, ಚೈನ್ ತೂಗುವ ಬಾಸ್ಕೆಟ್ಟಿಗೆ ಆದಷ್ಟು ಕಡಿಮೆ ಎಸೆತದಲ್ಲಿ ಹಾಕುವ ಆಟ. ಅದನ್ನು ಆಡಲೆಂದೇ ಮೊದಲ ಸಲ ರಜೆ ಹಾಕಿ ಹೊರಟಾಗ ನಾನು ಊರು ಹುಡುಕಿರಲಿಲ್ಲ, ಕೋರ್ಸ್, ಅಂದರೆ ಆಟದ ಮೈದಾನ, ಹುಡುಕಿದ್ದೆ. ಯುಡಿಸ್ಕ್ ಆ್ಯಪ್‌ನಲ್ಲಿ ಹೆಚ್ಚು ಸ್ಟಾರ್ ಬಿದ್ದಿದ್ದ ಆರು ಕೋರ್ಸ್ ಆರಿಸಿ, ಒಂದರ ಹಿಂದೊಂದು ಪೋಣಿಸಿ, ಐದು ದಿನದಲ್ಲಿ ಆರನ್ನೂ ಆಡಿ ಮುಗಿಸಬೇಕು ಅಂತ ಹೊರಟೆ. ಆಡಿದ್ದಕ್ಕಿಂತ ಕಾರಿನಲ್ಲಿ ಕೂತದ್ದೇ ಜಾಸ್ತಿಯಾಯಿತು. ಎರಡನೇ ದಿನ ಮೂರು ರೌಂಡ್ ಎಸೆದೆ. ಮಾರನೇ ದಿನ ಬೆಳಿಗ್ಗೆ ನೀರಿನ ಲೋಟ ಎತ್ತುವಾಗಲೇ ಮೊಣಕೈ ಚುಳ್ ಅಂದಿತು. ನಾಲ್ಕನೇ ದಿನ ಎರಡೂವರೆ ಗಂಟೆ ಗಾಡಿ ಓಡಿಸಿಕೊಂಡು ಹೋದರೆ ಆ ಕೋರ್ಸಿನಲ್ಲಿ ಟೂರ್ನಮೆಂಟ್ ನಡೆಯುತ್ತಿತ್ತು, ಒಳಗೆ ಬಿಡಲಿಲ್ಲ. ಅವರ ಕ್ಯಾಲೆಂಡರಿನಲ್ಲಿ ಆ ದಿನಾಂಕ ಇತ್ತು, ನಾನು ನೋಡಿರಲಿಲ್ಲ.

ಹೆಂಡತಿ ಆಡುವವಳಲ್ಲ. ಮಗಳು ಆಗಿನ್ನೂ ಎಸೆಯಲು ಕಲಿಯುತ್ತಿದ್ದಳು. ವಾಪಸ್ ಬರುವಾಗ ಹೆಂಡತಿ, "ರೀ, ಮುಂದಿನ ಸಲ ನಾವೂ ಜೊತೆಗೆ ಬರ್ತೀವಿ ಅನ್ನೋದನ್ನ ನೆನಪಿಟ್ಟುಕೊಂಡು ಊರು ನೋಡಿ" ಅಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

2024ರ ಬೇಸಿಗೆಗೆ ಲೆಕ್ಕವನ್ನು ತಿರುಗಿಸಿ ಹಾಕಿದೆ. ಮೊದಲು ಬರೆದುಕೊಂಡದ್ದು ಯಾವ ಕೋರ್ಸಿನ ಹೆಸರನ್ನೂ ಅಲ್ಲ, ನನ್ನ ಎಸೆತದ ದೂರವನ್ನು. ಚೆನ್ನಾಗಿ ಬಿದ್ದರೆ ಎಂಬತ್ತು ಮೀಟರ್, ಸಾಮಾನ್ಯವಾಗಿ ಎಪ್ಪತ್ತು. ವೃತ್ತಿಪರರಿಗಾಗಿ ಕಟ್ಟಿದ ಇನ್ನೂರು ಮೀಟರಿನ ಪಾರ್ 4ರಲ್ಲಿ (ನಾಲ್ಕು ಎಸೆತಕ್ಕೆ ಮುಗಿಸಬೇಕೆಂದು ಲೆಕ್ಕ ಹಾಕಿದ ಹೋಲ್) ಅವರು ಎರಡೇ ಎಸೆತಕ್ಕೆ ಬಾಸ್ಕೆಟ್ ಹತ್ತಿರ ನಿಲ್ಲುತ್ತಾರೆ, ನನಗೆ ಮೂರು ಬೇಕು, ಒಂದು ಮರಕ್ಕೆ ತಗುಲಿದರೆ ನಾಲ್ಕು. ಅಂಥ ಹದಿನೆಂಟು ಹೋಲ್ (ಎಸೆಯಲು ನಿಲ್ಲುವ ಜಾಗದಿಂದ ಬಾಸ್ಕೆಟ್‌ವರೆಗಿನ ಹಾದಿ) ಆಡಿದರೆ ಆಟ ಹೋಗಿ ಬರೀ ದುಡಿಮೆ ಉಳಿಯುತ್ತದೆ. ಆದ್ದರಿಂದ ಒಂದೇ ಕೋರ್ಸಿನಲ್ಲಿ ಹತ್ತಿರದ ಟೀ, ದೂರದ ಟೀ (ಮೊದಲ ಎಸೆತಕ್ಕೆ ನಿಲ್ಲುವ ಜಾಗ) ಎರಡೂ ಇವೆಯೇ ಅನ್ನುವುದು ನನ್ನ ಮೊದಲ ಪ್ರಶ್ನೆಯಾಯಿತು. ಸ್ಟಾರ್‌ಗಳು ಇದನ್ನು ಹೇಳುವುದಿಲ್ಲ. ಸ್ಟಾರ್ ಕೊಡುವವರಲ್ಲಿ ನೂರು ಮೀಟರ್ ದಾಟಿಸುವವರು ಬಹಳ ಜನ.

ಆಮೇಲೆ ನಾಲ್ಕು ಜಾಗಗಳನ್ನು ಎದುರು ಬದುರು ಇಟ್ಟು ನೋಡಿದೆ.

ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ಕೋರ್ಸುಗಳಿಗೆ ಬರವಿಲ್ಲ. ಹಾರ್ನೆಟ್ಸ್ ನೆಸ್ಟ್, ರೆನೆಸಾನ್ಸ್, ನೆವಿನ್, ಎಲ್ಲವೂ ಆ ನಗರದ ಆಸುಪಾಸಿನಲ್ಲೇ. ಆದರೆ ಜುಲೈನಲ್ಲಿ ಅಲ್ಲಿ 30 ಡಿಗ್ರಿ ದಾಟುವ ಸೆಕೆ, ಮಧ್ಯಾಹ್ನ ಗುಡುಗು ಮಿಂಚು. ಬಿಸಿಲಿಗೆ ಅಗ್ಗದ ಪ್ಲಾಸ್ಟಿಕ್ಕಿನ ಪಟ್ಟರ್ (ಹತ್ತಿರದ ಎಸೆತಕ್ಕೆ ಬಳಸುವ ಡಿಸ್ಕ್) ಮೆತ್ತಗಾಗಿ ಕೈಯಲ್ಲಿ ಹಿಡಿತ ತಪ್ಪುತ್ತದೆ, ಅದನ್ನಾದರೂ ಸಹಿಸಬಹುದು. ಮಿಂಚು ಬಂದಾಗ ಬಯಲಿನಲ್ಲಿ ಕಬ್ಬಿಣದ ಚೈನಿನ ಪಕ್ಕ ಮಗಳನ್ನು ನಿಲ್ಲಿಸಲಾರೆ. ಕ್ಯಾನ್ಸಸ್‌ನ ಎಂಪೋರಿಯಾ ಈ ಆಟವನ್ನೇ ಉಸಿರಾಡುವ ಪುಟ್ಟ ಊರು, 2016 ಮತ್ತು 2022ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದ ಜಾಗ. ಅಲ್ಲಿ ಬಯಲ ಗಾಳಿ. ಎದುರುಗಾಳಿಗೆ ನನ್ನ ಹಗುರ ಡಿಸ್ಕುಗಳು ಮಗುಚಿಕೊಂಡು ಬಲಕ್ಕೆ ಹಾರುವುದನ್ನು ಸಾಕಷ್ಟು ಸಲ ನೋಡಿದ್ದೇನೆ. ಮನೆಯವರಿಗೆ ಮಾಡಲು ಬೇರೇನಿದೆ ಅನ್ನುವ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯದು ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್. ಅದನ್ನು ಬಿಡಲು ನಿಜಕ್ಕೂ ಸಂಕಟವಾಯಿತು. ಬೆಟ್ಟದ ರೆಸಾರ್ಟ್, ಅಲ್ಲೇ ಎರಡು ಕೋರ್ಸ್. ಕಾಡಿನೊಳಗಿನ ಬ್ರೂಸ್ಟರ್ ರಿಜ್, ಬಯಲು ಹೆಚ್ಚಿರುವ ಫಾಕ್ಸ್ ರನ್ ಮೆಡೋಸ್. 2018 ಮತ್ತು 2023ರ ವಿಶ್ವ ಚಾಂಪಿಯನ್‌ಶಿಪ್ ಅಲ್ಲೇ ನಡೆದದ್ದು. ಅಲ್ಲಿಂದ ನಾಲ್ಕು ಗಂಟೆ ಪ್ರಯಾಣ ಮಾಡಿದರೆ ಮ್ಯಾಸಚೂಸೆಟ್ಸ್‌ನ ಲೆಸ್ಟರ್‌ನಲ್ಲಿ ಮೇಪಲ್ ಹಿಲ್ ಇದೆ. ಕ್ರಿಸ್‌ಮಸ್ ಮರ ಬೆಳೆಯುವ ತೋಟದಲ್ಲಿ ಕಟ್ಟಿದ ಕೋರ್ಸ್, ಒಬ್ಬೊಬ್ಬರ ಕೈಬಲಕ್ಕೆ ಒಂದೊಂದು ಬಣ್ಣದ ಟೀ. ನನ್ನ ಮೊದಲ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ. ಆದರೆ ಈ ಪ್ರವಾಸಕ್ಕೆ ಕಾರು ಬೇಕೇ ಬೇಕು. ಕಳೆದ ಸಲದ ಕಾರಿನ ನೆನಪು ಮನೆಯಲ್ಲಿ ಯಾರಿಗೂ ಆರಿರಲಿಲ್ಲ.

ನಾಲ್ಕನೆಯದು ಫಿನ್‌ಲ್ಯಾಂಡ್. ಸುಮಾರು ಐವತ್ತೈದು ಲಕ್ಷ ಜನರ ದೇಶ, ಕೋರ್ಸುಗಳು ಏಳುನೂರಕ್ಕೂ ಹೆಚ್ಚು. ಅಲ್ಲಿ ಈ ಆಟದ ಹೆಸರು ಫ್ರಿಸ್ಬೀಗಾಲ್ಫ್. ಬಹಳಷ್ಟು ಕೋರ್ಸುಗಳನ್ನು ಆಯಾ ಊರಿನ ನಗರಸಭೆಗಳೇ ಮಾಡಿಸಿರುವುದರಿಂದ ಆಡಲು ದುಡ್ಡು ಕೊಡಬೇಕಿಲ್ಲ. ಶಾಲೆಯ ಪಕ್ಕ, ಈಜುಕೊಳದ ಪಕ್ಕ, ಬಡಾವಣೆಯ ಹಿಂದಿನ ಕಾಡಿನಲ್ಲಿ ಬಾಸ್ಕೆಟ್ ನಿಂತಿರುತ್ತವೆ. ಬೇಕಾದರೆ ನಾಲ್ಕು ಹೋಲ್ ಆಡಿ ಎದ್ದು ಬರಬಹುದು, ಕಟ್ಟಿದ ಹಣ ಹೋಯಿತಲ್ಲ ಅನ್ನುವ ಸಂಕಟ ಇಲ್ಲ. ಮಗು ಜೊತೆಗಿದ್ದಾಗ ಇದೊಂದೇ ಅನುಕೂಲ ಉಳಿದ ಹತ್ತಕ್ಕೆ ಸಮ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಕೊನೆಗೆ ನನ್ನ ಮನಸ್ಸು ಒಲಿಸಿದ್ದು ಬೆಳಕು. ಜೂನ್ ಕೊನೆಯಲ್ಲಿ ಹೆಲ್ಸಿಂಕಿಯಲ್ಲಿ ಹಗಲು ಹೆಚ್ಚುಕಡಿಮೆ ಹತ್ತೊಂಬತ್ತು ಗಂಟೆ. ದಿನವಿಡೀ ಮನೆಯವರ ಜೊತೆ ದ್ವೀಪ, ಸರೋವರ, ಮ್ಯೂಸಿಯಂ ಅಂತ ಓಡಾಡಿ, ರಾತ್ರಿ ಊಟ ಮುಗಿಸಿ ಹೊರಟರೂ ಒಂದು ಪೂರ್ತಿ ರೌಂಡಿಗೆ ಬೆಳಕು ಉಳಿದಿರುತ್ತದೆ. ಆಟಕ್ಕೂ ಮನೆಯವರಿಗೂ ಒಂದೇ ಹಗಲನ್ನು ಹಂಚುವ ಜಗಳವೇ ಅಲ್ಲಿ ಹುಟ್ಟುವುದಿಲ್ಲ. ಹೆಂಡತಿಗೆ ಇದನ್ನು ಹೇಳಿದೆ. "ಹಾಗಾದ್ರೆ ಅಲ್ಲಿಗೇ ಹೋಗೋಣ" ಅಂದಳು.

ತಂಗುವ ಜಾಗಕ್ಕೆ ಒಂದೇ ನಿಯಮ ಇಟ್ಟುಕೊಂಡೆ. ನಕ್ಷೆಯಲ್ಲಿ ಒಂದು ಊರಿನ ಸುತ್ತ ಬಸ್ಸಿನಲ್ಲಿ ನಲವತ್ತೈದು ನಿಮಿಷದ ದೂರಕ್ಕೆ ಗೆರೆ ಎಳೆದು, ಅದರೊಳಗೆ ನನ್ನ ಕೈಗೆ ಹೊಂದುವ ಮೂರು ಕೋರ್ಸಾದರೂ ಇದ್ದರೆ ಸೈ. ಹೆಲ್ಸಿಂಕಿ ಸುಲಭವಾಗಿ ಪಾಸಾಯಿತು. ಟಾಲಿ, ಮೈಲಹ್ತಿ, ಕಿವಿಕ್ಕೊ ಎಲ್ಲವೂ ನಗರದೊಳಗೇ ಇವೆ. ಎರಡನೇ ತಂಗುದಾಣ ಟಾಂಪೆರೆ, ರೈಲಿನಲ್ಲಿ ಎರಡು ಗಂಟೆಯೊಳಗೆ. ಅದರ ಪಕ್ಕದ ನೋಕಿಯಾ ಊರಿನಲ್ಲಿ ಯುರೋಪಿಯನ್ ಓಪನ್ ಟೂರ್ನಮೆಂಟ್ ಆಡಿಸುತ್ತಿದ್ದ 'ದಿ ಬೀಸ್ಟ್' ಕೋರ್ಸ್ ಇದೆ. ಮರುವರ್ಷ, 2025ರಲ್ಲಿ, ವಿಶ್ವ ಚಾಂಪಿಯನ್‌ಶಿಪ್ಪೂ ನೋಕಿಯಾ ಮತ್ತು ಟಾಂಪೆರೆಗೇ ಬಂತು.

ಪ್ರತಿ ಕೋರ್ಸಿಗೂ ಹಿಂದಿನ ವರ್ಷದ ಜೂನ್ ತಿಂಗಳ ಅಭಿಪ್ರಾಯಗಳನ್ನಷ್ಟೇ ತೆಗೆದು ಓದಿದೆ. ಸೆಪ್ಟೆಂಬರಿನಲ್ಲಿ ಆಡಿದವರು ಸೊಳ್ಳೆಯ ಮಾತೇ ಎತ್ತಿರುವುದಿಲ್ಲ. ಜೂನ್‌ನವರು ಸೊಳ್ಳೆ, ಹುಲ್ಲಿನ ಎತ್ತರ, ಉಣುಗು, ಎಲ್ಲವನ್ನೂ ಬರೆದಿರುತ್ತಾರೆ. ಆ ಉಣುಗುಗಳಿಂದ ಲೈಮ್ ಕಾಯಿಲೆ ಹರಡುತ್ತದೆ. ಅದಕ್ಕೇ ಮಗಳಿಗೆ ಉದ್ದ ಪ್ಯಾಂಟ್, ಅದರ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸುವುದು, ರಾತ್ರಿ ಮಂಡಿಯ ಹಿಂದೆ, ಕಿವಿಯ ಹಿಂದೆ ಬೆರಳಾಡಿಸಿ ನೋಡುವುದು, ಇದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಡಿಸ್ಕ್ ಹದಿನೈದು ಇಟ್ಟುಕೊಂಡೆ, ಎರಡೂವರೆ ಕೆಜಿ ಆಯಿತು. ಅದರಲ್ಲಿ ಹಸಿರು ಬಣ್ಣದ್ದು ಎರಡಿದ್ದವು. ಅವನ್ನು ಮನೆಯಲ್ಲೇ ಬಿಡಬೇಕಿತ್ತು.

ಟಾಲಿಯಲ್ಲಿ ಎರಡನೇ ದಿನ ನನ್ನ ಹಸಿರು ಮಿಡ್‌ರೇಂಜ್ (ಮಧ್ಯಮ ದೂರಕ್ಕೆ ಎಸೆಯುವ ಡಿಸ್ಕ್) ಪೈನ್ ಕಾಂಡಕ್ಕೆ ಬಡಿದು ಬ್ಲೂಬೆರಿ ಪೊದೆಯೊಳಗೆ ಜಾರಿತು. ಆ ಪೊದೆ ಮೊಣಕಾಲಿನಷ್ಟೂ ಎತ್ತರ ಬರುವುದಿಲ್ಲ, ಆದರೆ ಎಲೆ ಒತ್ತೊತ್ತಾಗಿ ಇರುತ್ತದೆ. ಡಿಸ್ಕ್ ಮಲಗಿ ಹೋಗದೆ ಅಂಚಿನ ಮೇಲೆ ನಿಂತು ಪಾಚಿಯೊಳಗೆ ಇಳಿದುಬಿಟ್ಟಿತ್ತು, ಮೇಲಿನಿಂದ ಕಾಣುತ್ತಿದ್ದದ್ದು ಒಂದು ಗೆರೆಯಷ್ಟೇ. ಇಪ್ಪತ್ತು ನಿಮಿಷ ಹುಡುಕಿದೆವು. ಕೊನೆಗೆ ಮಗಳು ಅಂಗೈ ಊರಿ ಕೂತು, ಕತ್ತು ಬಗ್ಗಿಸಿ ಎಲೆಗಳ ಕೆಳಗಿನಿಂದ ನೋಡಿ, "ಅಪ್ಪಾ, ಇಲ್ಲಿದೆ" ಅಂದಳು. ಅಂದಿನಿಂದ ಕಾಡಿನ ಕೋರ್ಸಿಗೆ ಗುಲಾಬಿ ಬಣ್ಣದ ಡಿಸ್ಕ್ ಮಾತ್ರ. ಹೊಸದು ಕೊಳ್ಳೋಣ ಅಂದರೆ ಅಂಗಡಿಗೆ ಬೀಗ. ನಾವು ಇಳಿದದ್ದು ಜೂನ್ 21, ಶುಕ್ರವಾರ, ಅವರ ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಮುನ್ನಾದಿನ. ಊರಿಗೆ ಊರೇ ಸರೋವರದ ಬದಿಯ ಮನೆಗಳಿಗೆ ಹೋಗಿಬಿಡುತ್ತದೆ. ಟೂರ್ನಮೆಂಟ್ ಕ್ಯಾಲೆಂಡರನ್ನು ಈ ಸಲ ಮೂರು ಸಲ ನೋಡಿದ್ದೆ, ಹಬ್ಬದ ಕ್ಯಾಲೆಂಡರ್ ನೋಡುವುದು ಹೊಳೆದಿರಲಿಲ್ಲ. ಆದರೆ ನಗರ ಖಾಲಿಯಾಗಿದ್ದರಿಂದ ಮಗಳ ನಿಧಾನಕ್ಕೆ ಹಿಂದಿನಿಂದ ಅವಸರಪಡಿಸುವ ಗುಂಪೂ ಇರಲಿಲ್ಲ.

ನೋಕಿಯಾದಲ್ಲಿ ಒಂದೇ ರೌಂಡ್ ಆಡಿದೆ. ಅಲ್ಲಿನ ದೂರಗಳು ನನ್ನ ಕೈಗೆ ಮೀರಿದವು, ಅದು ಮೊದಲೇ ಗೊತ್ತಿತ್ತು. ಅಂಕ ಬರೆದುಕೊಳ್ಳದೆ ನಡೆದೆ. ವಿಡಿಯೊದಲ್ಲಿ ನೋಡಿದ್ದ ಇಳಿಜಾರು ಕಾಲಿಗೆ ಎಷ್ಟು ಕಡಿದು ಅನ್ನಿಸುತ್ತದೆ ಅನ್ನುವುದು ನಡೆದರೇ ಗೊತ್ತಾಗುವುದು. ಉಳಿದಂತೆ ದಿನಕ್ಕೆ ಎರಡು ರೌಂಡ್ ಮೀರಲಿಲ್ಲ, ಪ್ರತಿ ಮೂರನೇ ದಿನ ಡಿಸ್ಕ್ ಮುಟ್ಟಲಿಲ್ಲ. ಹನ್ನೊಂದು ದಿನದಲ್ಲಿ ಹದಿಮೂರು ರೌಂಡ್ ಆಯಿತು, ಮೊಣಕೈ ಒಮ್ಮೆಯೂ ನೋಯಲಿಲ್ಲ.

ಟಾಂಪೆರೆಯ ಕೊನೆಯ ರಾತ್ರಿ ಹತ್ತೂಕಾಲಿಗೆ ಮೂವರೂ ಮನೆಯ ಹತ್ತಿರದ ಒಂಬತ್ತು ಹೋಲಿನ ಕೋರ್ಸಿಗೆ ಹೋದೆವು. ಬರ್ಚ್ ಕಾಂಡಗಳ ಮೇಲೆ ಇನ್ನೂ ಹಳದಿ ಬಿಸಿಲಿತ್ತು. ಐದನೇ ಹೋಲಿನಲ್ಲಿ ಹೆಂಡತಿ ನನ್ನ ಕೈಯಿಂದ ಪಟ್ಟರ್ ತೆಗೆದುಕೊಂಡು, "ಹೇಗೆ ಹಿಡೀಬೇಕು ತೋರಿಸಿ" ಅಂದಳು. ನಾಲ್ಕು ಹೆಜ್ಜೆ ದೂರದಿಂದ ಎಸೆದದ್ದು ಚೈನಿಗೆ ತಾಗಿ ಒಳಗೆ ಬಿತ್ತು. ಮಗಳು ಓಡಿ ಹೋಗಿ ಅದನ್ನು ತೆಗೆದು ತಂದು ಮತ್ತೆ ಅವಳ ಕೈಗೇ ಕೊಟ್ಟಳು.