ಹೆಸರಿಲ್ಲದ ಚೀಟಿಗಳು

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ ಎಂದು ನಮ್ಮ ಮಕ್ಕಳು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. 'ನಮ್ಮೂರಿನಲ್ಲಿ?' ಎಂದು ಕೇಳಿದರೆ ಮಾತ್ರ ಎಲ್ಲರ ತಲೆಯೂ ಪುಸ್ತಕದೊಳಗೆ. ದಲಿತ ಕಾಲೊನಿಯ ಮಕ್ಕಳಿಗೆ ನಾಚಿಕೆ, ಊರೊಳಗಿನವರಿಗೆ ಮನೆಯಲ್ಲಿ ಬೈಸಿಕೊಳ್ಳುವ ಭಯ.

ನೊಂದವರನ್ನು ಎಬ್ಬಿಸಿ ನಿಲ್ಲಿಸಿ 'ನಿನ್ನ ಅನುಭವ ಹೇಳು' ಎನ್ನುವ ಪದ್ಧತಿ ನನಗೆ ಸೇರುವುದಿಲ್ಲ. ಹಾಗಾಗಿ ಗೋಡೆಯ ಮೇಲಿನ ಚಿತ್ರಗಳಿಂದ ಶುರು ಮಾಡುತ್ತೇನೆ. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು, ಅವರ ದಿವಾನ ವಿಶ್ವೇಶ್ವರಯ್ಯನವರು: ಮಂಡ್ಯದಲ್ಲಿ ಇಬ್ಬರಿಗೂ ಕೈಮುಗಿಯುತ್ತಾರೆ. 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲಿನ ಪ್ರಶ್ನೆಗೆ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ, ಹುದ್ದೆ ಬಿಟ್ಟರು. ಯಾರು ಸರಿ? ನೂರು ವರ್ಷ ಹಿಂದಿನ ಭಿನ್ನಾಭಿಪ್ರಾಯವಾದ್ದರಿಂದ ಮಕ್ಕಳು ಧೈರ್ಯವಾಗಿ ವಾದಿಸುತ್ತಾರೆ.

ಬಾಯಿ ಬಿಟ್ಟ ಮೇಲೆ ಚೀಟಿ: ತಾವು ಕಂಡ, ಉಂಡ ಭೇದಭಾವವನ್ನು ಅದರಲ್ಲಿ ಬರೆಯಬೇಕು. ಹೆಸರು ಬರೆಯುವಂತಿಲ್ಲ, ಇನ್ನೊಬ್ಬರ ಹೆಸರೂ ಕೂಡದು. ಬರೆಯಲು ಏನೂ ಇಲ್ಲದವರು ಪಾಠದ ನಾಲ್ಕು ಸಾಲು ನಕಲು ಮಾಡಬೇಕು. ಇಲ್ಲದಿದ್ದರೆ ಯಾರ ಪೆನ್ನು ಓಡುತ್ತಿದೆ ಎಂಬುದರಿಂದಲೇ ಗುಟ್ಟು ರಟ್ಟಾಗುತ್ತದೆ. ಪರಸ್ಪರರ ಅಕ್ಷರವೂ ಅವರಿಗೆ ಗೊತ್ತು. ಆದ್ದರಿಂದ ಚೀಟಿಗಳನ್ನು ಮನೆಗೆ ಒಯ್ದು, ಗುರುತು ಹತ್ತುವ ವಿವರ ತೆಗೆದು, ನಾನೇ ಬರೆದುಕೊಂಡು ಬಂದು ಓದುತ್ತೇನೆ. ಹೊಡೆತ, ಬೆದರಿಕೆಯ ಸಂಗತಿಯಿದ್ದರೆ ಓದುವುದಿಲ್ಲ. ಎಲ್ಲರಿಗೂ ಮಕ್ಕಳ ಸಹಾಯವಾಣಿ 1098 ಹೇಳಿ, ನನ್ನನ್ನು ಬಂದು ಕಾಣಬಹುದು ಎನ್ನುತ್ತೇನೆ.

'ಹುಟ್ಟುಹಬ್ಬಕ್ಕೆ ಕರೆದಿದ್ದಳು. ಕೇಕನ್ನು ಜಗುಲಿಗೇ ತಂದುಕೊಟ್ಟರು' ಎಂದು ಒಂದು ಚೀಟಿ. ಆಲೆಮನೆ ಕೆಲಸಕ್ಕೆ ಉತ್ತರದಿಂದ ಬಂದವರ ಮಗುವೊಂದು, ತನ್ನನ್ನು ಎಲ್ಲರೂ 'ಪಾನಿಪೂರಿ' ಎಂದೇ ಕರೆಯುತ್ತಾರೆ ಎಂದು ಬರೆದಿತ್ತು. ಚರ್ಚೆ ಹೊತ್ತಿಕೊಂಡದ್ದು ಮಾತ್ರ ಬೇರೊಂದರಿಂದ: 'ಗೆಳೆಯನ ಅಕ್ಕನ ಮದುವೆಗೆ ಹೋಗು, ಊಟ ಮಾಡಬೇಡ ಎಂದು ಅಜ್ಜಿ ಹೇಳಿದರು. ಹೊಟ್ಟೆ ತುಂಬಿದೆ ಎಂದು ಸುಳ್ಳು ಹೇಳಿದೆ.' ನೋಯಿಸಿದ ಕಡೆಯವರೇ ಬರೆದ ಚೀಟಿ ಇದು. ಇಂಥದ್ದು ಬಂದರೆ ನನಗೆ ಅರ್ಧ ಕೆಲಸ ಕಡಿಮೆ. ಅಜ್ಜಿಗೆ ಏನು ಹೇಳಬಹುದಿತ್ತು ಎಂದೆ. 'ಎದುರು ಮಾತನಾಡಿದರೆ ಅಪ್ಪ ಹೊಡೆಯುತ್ತಾರೆ ಸಾರ್. ಉಂಡು ಬಂದು ಹೇಳದೇ ಇದ್ದರಾಯಿತು' ಎಂದಳು ಒಬ್ಬಳು. 'ಅದೂ ಸುಳ್ಳೇ ತಾನೆ?' ಎಂದ ಹಿಂದಿನ ಬೆಂಚಿನವನು. ಗಂಟೆ ಹೊಡೆದರೂ ತೀರ್ಮಾನವಾಗಲಿಲ್ಲ.

'ಇಲ್ಲದ ಜಾತಿಯನ್ನು ಮಕ್ಕಳ ತಲೆಗೆ ತುಂಬುತ್ತಿದ್ದೀರಿ ಮೇಷ್ಟ್ರೇ' ಎಂದು ಪೋಷಕರೊಬ್ಬರು ಬಂದರು. ಬೆಳಗಿನ ಪ್ರಾರ್ಥನೆಯಲ್ಲಿ ಓದಿಸುವ ಸಂವಿಧಾನ ಪೀಠಿಕೆಯನ್ನು ತೋರಿಸಿದೆ. ಒಪ್ಪಿದರೆಂದು ಹೇಳಲಾರೆ.

ಶಾಲೆಯ ಮೇಲೂ ಚೀಟಿ ಬಂತು: 'ವಿದ್ಯಾರ್ಥಿವೇತನದ ಅರ್ಜಿ ಬಂದಾಗ ಎಸ್‌ಸಿ ಮಕ್ಕಳು ಎದ್ದು ನಿಲ್ಲಿ ಎನ್ನುತ್ತಾರೆ.' ಅದನ್ನು ಶಿಕ್ಷಕರ ಕೊಠಡಿಯಲ್ಲಿ ಓದಿದೆ. ಒಂದಿಬ್ಬರು ಮುಖ ಗಂಟಿಕ್ಕಿಕೊಂಡರು, ಮುಖ್ಯಶಿಕ್ಷಕರು ಒಪ್ಪಿದರು. ಈಗ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಕಚೇರಿಯಲ್ಲಿ ಒಬ್ಬೊಬ್ಬರಿಂದಲೇ ಪಡೆಯುತ್ತೇವೆ. ಗುಮಾಸ್ತರಿಗೆ ಎರಡು ದಿನದ ಕೆಲಸ ಹೆಚ್ಚಾಗಿದೆ, ಗೊಣಗುತ್ತಲೇ ಮಾಡುತ್ತಾರೆ.